ಗಿರ್ಲು ಮೀನು ಕೈಯಲ್ಲಿ ಹಿಡಿದರೆ ಕರ್ ಕರ್ ಅನ್ನುತ್ತದೆ, ಬಾಯಿಂದಲಾ?

ಗದ್ದೆಬದು:
ನಮ್ಮದು ಕೊಡಗಿನ ಅಮ್ಮತ್ತಿ ಹತ್ತಿರ. ಮೊನ್ನೆ ಮಳೆ ಸ್ವಲ್ಪ ಬಿಟ್ಟಾಗ ಗದ್ದೆ ತೋಡಿಗೆ ಮೀನು ಹಿಡಿಯುವ ಕೂಳಿ ಇಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಒಂದಿಷ್ಟು ಕೊಯ್ಲೆ ಮೀನು, ಎರಡು ಏಡಿ, ಜೊತೆಗೆ ಮೀಸೆ ಇರುವ ಗೇಣುದ್ದದ ಒಂದು ಗಿರ್ಲು. ಅದನ್ನು ಎತ್ತಿದ ಕೂಡಲೇ ಕರ್ ಕರ್ ಅಂತ ಶುರು ಮಾಡಿತು, ಹಳೇ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಬೆರಳಿಗೂ ನಡುಕ ಬರುತ್ತಿತ್ತು. ಅಜ್ಜಿ "ಶಾಪ ಹಾಕ್ತಿದೆ, ಬಿಡು" ಅಂದರು. ಮೀನಿಗೆ ಗಂಟಲೇ ಇಲ್ಲ ಅಲ್ವಾ, ಮತ್ತೆ ಸದ್ದು ಎಲ್ಲಿಂದ?

ಕಾಫಿಕಣ:
ಗಾಳಿ ಕಣ್ರೀ. ನೀರಿಂದ ಹೊರಗೆ ತೆಗೆದಾಗ ಹೊಟ್ಟೆಯ ಗಾಳಿ ಬಾಯಲ್ಲಿ ಹೊರಗೆ ಬರುತ್ತದೆ, ಅಷ್ಟೇ. ಮುರುಗೋಡು ಮೀನು ಕೆರೆಯಲ್ಲಿ ಮೇಲೆ ಬಂದು ಗುಳುಂ ಅನ್ನುವುದಿಲ್ವಾ, ಹಾಗೆ.

ತೋಡಿನ ಏಡಿ:
ಇಲ್ಲ, ಮುರುಗೋಡಿನದು ಉಸಿರಾಟ. ಅದು ಗಾಳಿ ಕುಡಿಯುವ ಮೀನು, ಅದಕ್ಕೇ ಮೇಲೆ ಬರುತ್ತದೆ. ಗಿರ್ಲುವಿನ ಕರ್ ಕರ್ ಬರುವುದು ಮುಳ್ಳಿನಿಂದ.

ಕಿವಿರಿನ ಹಿಂದೆ ಎರಡೂ ಬದಿಗೆ ಗಟ್ಟಿ ಮುಳ್ಳು ಇದೆಯಲ್ಲ, ಕೈಗೆ ಚುಚ್ಚಿದರೆ ಸಂಜೆವರೆಗೂ ಉರಿಯುತ್ತದೆ, ಅದೇ. ಅದರ ಬುಡದಲ್ಲಿ ಅರದ ಹಲ್ಲಿನಂಥ ಸಣ್ಣ ಸಣ್ಣ ಗೀರುಗಳಿವೆ. ಭುಜದ ಎಲುಬಿನ ಕುಳಿಯಲ್ಲಿ ಆ ಬುಡ ಕೂತಿರುತ್ತದೆ. ಮುಳ್ಳನ್ನು ಆಡಿಸಿದಾಗ ಗೀರು ಕುಳಿಗೆ ಉಜ್ಜಿ ಸದ್ದಾಗುತ್ತದೆ, ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಮುಳ್ಳನ್ನು ಪೂರ್ತಿ ಅಗಲಿಸಿ ಬೀಗ ಹಾಕಿದ ಹಾಗೆ ನಿಲ್ಲಿಸಲೂ ಅದಕ್ಕೆ ಬರುತ್ತದೆ. ಆಗ ಕೊಕ್ಕರೆಗೋ ಹಾವಿಗೋ ನುಂಗುವುದು ಕಷ್ಟ. ಸದ್ದು ಮಾಡುವುದೂ ಹಿಡಿದವನನ್ನು ಬೆಚ್ಚಿಬೀಳಿಸಲು ಇರಬೇಕು. ನೀವೂ ಬೆಚ್ಚಿದ್ದೀರಿ ತಾನೇ?

ಉಳ್ಳಾಲದವ:
ಮಡಿಕೇರಿಯಲ್ಲಿ ಕೆಲಸ, ಊರು ಕಡಲ ಕರೆ. ನಮ್ಮಲ್ಲಿ ಸದ್ದು ಮಾಡುವ ಮೀನು ಅಂದರೆ ಗೋಳ್ ಜಾತಿಯವು. ಅವಕ್ಕೆ ಮುಳ್ಳು ಬೇಡ, ಹೊಟ್ಟೆಯೊಳಗೆ ಗಾಳಿಚೀಲ ಇದೆ, ಅದರ ಪಕ್ಕದ ಸ್ನಾಯು ಬಿಗಿದು ಬಿಟ್ಟು ಮಾಡಿದರೆ ಚೀಲ ಡೋಲಿನ ಹಾಗೆ ಡಬ್ ಡಬ್ ಅನ್ನುತ್ತದೆ. ಮಾವ ದೋಣಿಯ ಹುಟ್ಟನ್ನು ನೀರಿಗಿಳಿಸಿ ಹಿಡಿಗೆ ಕಿವಿ ಕೊಟ್ಟು, ಕೆಳಗೆ ಹಿಂಡು ಇದೆ, ಬಲೆ ಹಾಕಿ ಅನ್ನುತ್ತಿದ್ದರು. ಈ ಸದ್ದು ಜಾಸ್ತಿ ಮೊಟ್ಟೆ ಇಡುವ ಕಾಲದ್ದು, ಗಂಡು ಹೆಣ್ಣನ್ನು ಕರೆಯುವುದು. ಅಮೆರಿಕದ ಕಡೆ ಟೋಡ್‌ಫಿಶ್ ಅಂತ ಒಂದಿದೆ, ಅದರ ಸ್ನಾಯು ಸೆಕೆಂಡಿಗೆ ಸುಮಾರು 200 ಸಲ ಬಿಗಿಯುತ್ತದಂತೆ.

ಕಾಫಿಕಣ ಅವರ ಗಾಳಿ ಪೂರ್ತಿ ಸುಳ್ಳಲ್ಲ ಬಿಡಿ. ಹೆರಿಂಗ್ ಮೀನು ಹಿಂದಿನಿಂದ ಗಾಳಿ ಬಿಟ್ಟು ಟಿಕ್ ಟಿಕ್ ಸದ್ದು ಮಾಡುತ್ತದೆ. ಸ್ವೀಡನ್ನಿನ ನೌಕಾಪಡೆಯವರು ಅದನ್ನು ಕೇಳಿ ರಷ್ಯಾದ ಸಬ್‌ಮರೀನ್ ಅಂದುಕೊಂಡಿದ್ದರು!

ಕಾಫಿಕಣ:
ಹಹ್ಹ, ಬಾಯಲ್ಲ, ಇನ್ನೊಂದು ಕಡೆ. ಒಪ್ಪಿದೆ. ಆದರೆ ಸದ್ದು ಮಾಡಿದರೆ ಕೇಳುವವರು ಬೇಕಲ್ಲ, ಮೀನಿಗೆ ಕಿವಿ ಎಲ್ಲಿದೆ?

ತೋಡಿನ ಏಡಿ:
ಹೊರಗೆ ಕಾಣುವುದಿಲ್ಲ, ತಲೆಯೊಳಗಿದೆ. ಗಿರ್ಲು, ಮುರುಗೋಡು, ಕಾವೇರಿಯ ಬಿಳಿ ಮೀನು, ಇವಕ್ಕೆಲ್ಲ ಗಾಳಿಚೀಲದಿಂದ ಒಳಕಿವಿಗೆ ಪುಟ್ಟ ಎಲುಬುಗಳ ಒಂದು ಸರಪಳಿ ಇದೆ. ಚೀಲ ನಡುಗಿದರೆ ಕಿವಿಗೆ ಗೊತ್ತಾಗುತ್ತದೆ. ನಮ್ಮ ಕಕ್ಕಡ ತಿಂಗಳ ಮಳೆಯ ಕೆಂಪು ನೀರಿನಲ್ಲಿ ಕಣ್ಣಿಟ್ಟುಕೊಂಡು ಏನು ಮಾಡುವುದು, ಒಂದು ಮೊಳ ದೂರದ್ದೂ ಕಾಣುವುದಿಲ್ಲ. ಸದ್ದಾದರೆ ನೀರಿನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ.

ನಂಬಿಕೆ ಇಲ್ಲದಿದ್ದರೆ ಮುಂದಿನ ಸಲ ದಪ್ಪ ಬಟ್ಟೆ ಸುತ್ತಿಕೊಂಡು ಮುಳ್ಳನ್ನೇ ಅಲ್ಲಾಡದ ಹಾಗೆ ಹಿಡಿದು ನೋಡಿ.

ಗದ್ದೆಬದು:
ಇವತ್ತು ಇನ್ನೊಂದು ಸಿಕ್ಕಿತು. ಗೋಣಿ ತುಂಡಿನಲ್ಲಿ ಎಡಗಡೆ ಮುಳ್ಳು ಹಿಡಿದೆ, ಬಲಗಡೆಯದು ಮಾತ್ರ ಕರ್ ಕರ್ ಅಂತಿತ್ತು. ಎರಡನ್ನೂ ಹಿಡಿದೆ, ಗಪ್‌ಚುಪ್. ಬಾಯಿ ಮಾತ್ರ ಸುಮ್ನೆ ತೆರೆದು ಮುಚ್ಚುತ್ತಿತ್ತು. ಬಿಟ್ಟ ಕೂಡಲೇ ಮತ್ತೆ ಶುರು. ಅಜ್ಜಿಗೆ ತೋರಿಸಿದೆ. "ಹಾಗಾದರೆ ಮುಳ್ಳಲ್ಲೇ ಶಾಪ ಹಾಕ್ತದೆ" ಅಂದರು. ಮೀನನ್ನು ತೋಡಿಗೇ ಬಿಟ್ಟೆ.