ಮಣಿಪುರದ ಪರಿಹಾರ ಶಿಬಿರದಲ್ಲಿ ಕೇಸ್ ವರ್ಕರ್ ಕೆಲಸ: ಕೊಡಗಿನಿಂದ ಯಾರಾದರೂ ಹೋಗಿ ಬಂದಿದ್ದೀರಾ?

ಸೋಮವಾರಪೇಟೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವಳು. ಎರಡು ವರ್ಷದಿಂದ ವಿರಾಜಪೇಟೆ ಕಡೆಯ ಬುಡಕಟ್ಟು ಜನರ ಹಾಡಿಗಳಲ್ಲಿ, ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಶಾಲೆ ಬಿಟ್ಟ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಈಗ ಮಣಿಪುರದಲ್ಲಿ ಸಂಘರ್ಷದಿಂದ ಮನೆ ಬಿಟ್ಟವರ ಶಿಬಿರಗಳಲ್ಲಿ ಕೇಸ್ ವರ್ಕರ್ (ಒಬ್ಬೊಬ್ಬರ ಕಷ್ಟವನ್ನು ಪ್ರತ್ಯೇಕವಾಗಿ ನೋಡಿ ನೆರವು ಕೊಡಿಸುವವರು) ಆಗಲು ಅರ್ಜಿ ಹಾಕಿದ್ದೇನೆ. ಆರು ತಿಂಗಳ ಕೆಲಸ. ಒಂದು ಸುತ್ತಿನ ಸಂದರ್ಶನ ಆಗಿದೆ, ಇನ್ನೊಂದು ಮುಂದಿನ ವಾರ.

ಮೊದಲ ಸುತ್ತಿನಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದರು. ಹದಿನಾಲ್ಕು ವರ್ಷದ ಹುಡುಗಿ ಶಿಬಿರದಲ್ಲಿ ಚಿಕ್ಕಮ್ಮನ ಜೊತೆ ಇದ್ದಾಳೆ. ಯಾರ ಹತ್ತಿರವೂ ಮಾತಾಡುವುದಿಲ್ಲ. ಚಿಕ್ಕಮ್ಮ ಅವಳನ್ನು ದೂರದ ಊರಿಗೆ ಮನೆಕೆಲಸಕ್ಕೆ ಕಳಿಸಲು ಹೊರಟಿದ್ದಾಳೆ. ನೀವು ಮೊದಲು ಏನು ಮಾಡುತ್ತೀರಿ? ನಾನು ಕೌನ್ಸೆಲಿಂಗ್ ಅಂತ ಬರೆದೆ. ಎದುರು ಕೂತಿದ್ದ ಮೇಡಂ "ಅದಕ್ಕೂ ಮೊದಲು?" ಅಂದರು. ನನಗೆ ಏನೂ ಹೊಳೆಯಲಿಲ್ಲ.

ಅಲ್ಲಿ ದಿನವಿಡೀ ಮಾಡುವ ಕೆಲಸ ಏನು? ಭಾಷೆ ಬರದವಳು ಏನು ಮಾಡಲಿ? ಮನೆಯಲ್ಲಿ ಅಮ್ಮ ಬೇಡ ಅನ್ನುತ್ತಿದ್ದಾರೆ. ಅಪ್ಪ ಏನೂ ಅನ್ನುತ್ತಿಲ್ಲ, ಅದೇ ಜಾಸ್ತಿ ಭಯ.

ಕಾಫಿ ತೋಟ

ಅಷ್ಟು ದೂರ ಯಾಕೆ? ನಮ್ಮ ಸಿದ್ದಾಪುರ ಕಡೆ ಬನ್ನಿ. ಆನೆ ತುಳಿದು ಸತ್ತ ಕೂಲಿಯವರ ಮನೆಗಳಿವೆ. ಪರಿಹಾರದ ಕಾಗದ ಹಿಡಿದು ಅಲೆಯುತ್ತಾರೆ. ಅದೂ ಸಂಘರ್ಷವೇ ಅಲ್ವಾ? ನಮ್ಮ ಮಕ್ಕಳೆಲ್ಲ ಹೊರಗೆ ಹೋದರೆ ಇಲ್ಲಿ ಯಾರು?

ಮಕ್ಕಂದೂರು ಅಕ್ಕ

ತಂಗಿ, ನಾನು 2024ರಲ್ಲಿ ಒಂಬತ್ತು ತಿಂಗಳು ಚುರಾಚಾಂದ್‌ಪುರದಲ್ಲಿದ್ದೆ. ಅಲ್ಲಿಯವರು ಆ ಊರನ್ನು ಲಮ್ಕಾ ಅನ್ನುತ್ತಾರೆ. ಜನರ ವಿವರವನ್ನು ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತೇನೆ.

ಮೊದಲು ನಿನ್ನ ಪ್ರಶ್ನೆ. ನೀನು ಕೌನ್ಸೆಲಿಂಗ್ ಶುರು ಮಾಡುವಷ್ಟರಲ್ಲಿ ಹುಡುಗಿಯನ್ನು ಕರೆದೊಯ್ಯುವ ಗಾಡಿ ಬಂದುಬಿಟ್ಟರೆ? ಆ ಮೇಡಂ ಕೇಳಿದ್ದು ಇದನ್ನೇ. ಯಾವತ್ತು ಹೋಗುತ್ತಾಳೆ, ಯಾರ ಜೊತೆ, ಯಾವ ಊರಿಗೆ, ಯಾರಾದರೂ ಮುಂಗಡ ಕೊಟ್ಟಿದ್ದಾರಾ ಅಂತ ಮೊದಲು ತಿಳಿಯಬೇಕು. ನಾಳೆಯೇ ಅಂತಾದರೆ ಇವತ್ತೇ ನಿನ್ನ ಮೇಲಿನವರಿಗೆ ಹೇಳು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸು. ಮಕ್ಕಳ ಸಹಾಯವಾಣಿ 1098 ಅಲ್ಲಿಗೂ ಅದೇ ನಂಬರ್.

ಆ ಚಿಕ್ಕಮ್ಮನನ್ನು ರಾಕ್ಷಸಿ ಮಾಡಿಕೊಂಡು ಒಳಗೆ ಹೋಗಬೇಡ. ಸೀರೆ ಅಗಲದ ಪರದೆ ಕಟ್ಟಿದ ಮೂಲೆಯಲ್ಲಿ ತನ್ನ ಮೂರು ಮಕ್ಕಳ ಜೊತೆ ಅಕ್ಕನ ಮಗಳನ್ನೂ ಮಲಗಿಸಿಕೊಂಡು ಅವಳಿಗೆ ವರ್ಷ ದಾಟಿರುತ್ತದೆ. 'ಅಲ್ಲಾದರೂ ಹೊಟ್ಟೆ ತುಂಬ ತಿಂದಾಳು' ಅಂತಲೇ ಕಳಿಸುವವರನ್ನು ನಾನು ನೋಡಿದ್ದೇನೆ. ಅವಳ ರೇಷನ್, ಅವಳ ಮಕ್ಕಳ ಶಾಲೆ ಸರಿಹೋದರೆ ಕಳಿಸುವ ಮಾತು ಎಷ್ಟೋ ಸಲ ತಾನೇ ನಿಲ್ಲುತ್ತದೆ.

ಇನ್ನು, ಮಾತಾಡದ ಹುಡುಗಿಯನ್ನು ಮಾತಾಡಿಸಲು ಹೋಗಬೇಡ. ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿಯಿತು. ಮಡಿಕೇರಿಯಲ್ಲಿ ಒಂದು ಶಿಬಿರದಲ್ಲಿ ಹನ್ನೆರಡು ದಿನ ಇದ್ದೆವು. ಪುಸ್ತಕ ಹಿಡಿದು ಬಂದವರೆಲ್ಲ ಅಮ್ಮನ ಹತ್ತಿರ ಅದನ್ನೇ ಕೇಳಿದರು. ಎಷ್ಟು ಹೊತ್ತಿಗೆ ಓಡಿದಿರಿ, ಹಸು ಎಷ್ಟಿದ್ದವು, ಕಟ್ಟಿದ ಹಗ್ಗ ಬಿಚ್ಚಿದ್ದಿರಾ. ಅಮ್ಮ ಏಳು ಸಲ ಹೇಳಿದರು. ಎಂಟನೆಯವರು ಬಂದಾಗ ಎದ್ದು ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಾ ನಿಂತರು. ಬರೆದುಕೊಂಡು ಹೋದವರು ಯಾರೂ ತಿರುಗಿ ಬರಲಿಲ್ಲ. ತಿರುಗಿ ಬಂದದ್ದು ಬಿಪಿ ಮಾತ್ರೆ ತರುತ್ತೇನೆ ಅಂದಿದ್ದ ಒಬ್ಬರು ನರ್ಸ್ ಮಾತ್ರ. ಅವರು ಮನೆ ವಿಚಾರ ಎತ್ತಿಯೇ ಇರಲಿಲ್ಲ. ಅಮ್ಮ ಈಗಲೂ ಅವರನ್ನು ನೆನೆಯುತ್ತಾರೆ.

ಅಲ್ಲಿ ಶಿಬಿರದಲ್ಲಿದ್ದವರಿಗೂ ಹಾಗೇ ಆಗಿತ್ತು. ಕಣಿವೆಯ ಮೈತೇಯಿ ಮತ್ತು ಬೆಟ್ಟದ ಕುಕಿ-ಜೋ ಜನರ ನಡುವಿನ ಸಂಘರ್ಷ 2023ರ ಮೇ 3ರಿಂದ ಶುರುವಾದದ್ದು. ಸುಮಾರು 60 ಸಾವಿರ ಜನ ಮನೆ ಬಿಟ್ಟವರು. ನಾನು ಹೋಗುವ ಹೊತ್ತಿಗೆ ಅವರು ಎಷ್ಟು ಪತ್ರಕರ್ತರಿಗೆ, ಎಷ್ಟು ಸಂಸ್ಥೆಗಳಿಗೆ ಕಥೆ ಹೇಳಿದ್ದರೋ. ಅದಕ್ಕೇ ನಾನು ಒಂದು ನಿಯಮ ಇಟ್ಟುಕೊಂಡಿದ್ದೆ. ಇವತ್ತಿನ ಕೆಲಸಕ್ಕೆ ಬೇಕಾದದ್ದನ್ನು ಮಾತ್ರ ಕೇಳುವುದು. ಪಿಂಚಣಿ ಕಾಗದಕ್ಕೆ ಗಂಡ ಹೇಗೆ ಸತ್ತ ಅನ್ನುವುದು ಬೇಕಿಲ್ಲದಿದ್ದರೆ ಕೇಳುವುದಿಲ್ಲ. ಅವರಾಗಿ ಹೇಳಿದರೆ ಪೆನ್ನು ಕೆಳಗಿಟ್ಟು ಕೇಳುವುದು.

ದಿನವಿಡೀ ಏನು ಕೆಲಸ ಅಂದೆಯಲ್ಲ. ಮುಕ್ಕಾಲು ಪಾಲು ಕಾಗದ. ಒಬ್ಬರು ಅಜ್ಜಿ ಇದ್ದರು. ಹಿರಿಯ ಹೆಂಗಸರನ್ನು ಅಲ್ಲಿ 'ಪಿ' ಅಂತ ಗೌರವದಿಂದ ಕರೆಯುತ್ತಾರೆ. ಪಿಂಚಣಿ ಹಣ ಬ್ಯಾಂಕಿಗೆ ಬರುತ್ತಿತ್ತು, ತೆಗೆಯಲು ಆಗುತ್ತಿರಲಿಲ್ಲ. ಪಾಸ್‌ಬುಕ್ ಮನೆಯ ಜೊತೆ ಸುಟ್ಟಿತ್ತು. ಬ್ಯಾಂಕ್ ಶಾಖೆ ಕಣಿವೆ ಕಡೆ, ಅಜ್ಜಿ ಬೆಟ್ಟದ ಕಡೆ, ನಡುವೆ ಭದ್ರತಾ ಪಡೆಯವರು ಕಾಯುವ ಬಫರ್ ಜೋನ್, ಒಂದು ಕಡೆಯವರು ಇನ್ನೊಂದು ಕಡೆ ದಾಟುವ ಹಾಗಿಲ್ಲ. ಆಧಾರ್ ಪ್ರತಿ ತೆಗೆಯೋಣ ಅಂದರೆ ಒಟಿಪಿ ಹೋಗುವುದು ಕಳೆದುಹೋದ ಸಿಮ್‌ಗೆ. ಬೆರಳಚ್ಚು ಕೊಡೋಣ ಅಂದರೆ ಗದ್ದೆ ಕೆಲಸ ಮಾಡಿ ಬೆರಳು ಸವೆದಿದೆ, ಯಂತ್ರ ಹಿಡಿಯುವುದಿಲ್ಲ. ಕೊನೆಗೆ ಕಣ್ಣಿನ ಗುರುತಿನಿಂದ ಆಯಿತು. ಆಮೇಲೆ ಮೊಬೈಲ್ ನಂಬರ್ ಬದಲು, ಆಮೇಲೆ ಬೇರೆ ಶಾಖೆಗೆ ಖಾತೆ ವರ್ಗ. ಮೂರು ತಿಂಗಳು ಹಿಡಿಯಿತು. ನನ್ನ ಫೈಲಿನಲ್ಲಿ ಅದು ಎರಡು ಸಾಲು.

ಫೈಲ್ ಅಂದಾಗ ನೆನಪಾಯಿತು. ಮೇಲೆ ಹೆಸರು ಬರೆಯುವಂತಿಲ್ಲ, ನಂಬರ್ ಮಾತ್ರ. ಯಾವ ನಂಬರ್ ಯಾರದು ಅನ್ನುವ ಪಟ್ಟಿ ಬೇರೆ ಕಡೆ ಬೀಗದಲ್ಲಿರಬೇಕು. ಫೈಲ್ ತಪ್ಪು ಕೈಗೆ ಸಿಕ್ಕರೆ ಯಾರ ಅಣ್ಣ ಎಲ್ಲಿದ್ದಾನೆ ಅಂತ ಗೊತ್ತಾಗುವುದಷ್ಟೇ ಅಲ್ಲ, ಅವನ ಜೀವಕ್ಕೂ ಕುತ್ತು ಬರಬಹುದು.

ಇನ್ನೊಂದು, 'ಯಾರಿಗೂ ಹೇಳಲ್ಲ' ಅಂತ ಮಗುವಿಗೆ ಮಾತು ಕೊಡಬೇಡ. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಬೇರೆ ದಾರಿ ಇಲ್ಲ. ಆ ಮಿತಿಯನ್ನು ಮೊದಲೇ ಹೇಳಿಬಿಡು. ಹೇಳಿದ್ದಕ್ಕೆ ಒಬ್ಬಳು ಎರಡು ವಾರ ನನ್ನ ಹತ್ತಿರ ಬರಲಿಲ್ಲ. ಆದರೆ ಬಂದಳು.

ಭಾಷೆಗೆ ದುಭಾಷಿ ಕೊಡುತ್ತಾರೆ. ಮನೆಯವರನ್ನು ಮಾತ್ರ ದುಭಾಷಿ ಮಾಡಿಕೊಳ್ಳಬೇಡ. ಗಂಡನ ಎದುರು ಹೆಂಡತಿ, ಅಪ್ಪನ ಎದುರು ಮಗಳು ಏನು ತಾನೇ ಹೇಳಿಯಾರು? ಕಣಿವೆಗೂ ಬೆಟ್ಟಕ್ಕೂ ಎರಡೂ ಕಡೆ ಓಡಾಡಬಲ್ಲವರು ಹೆಚ್ಚಾಗಿ ನಮ್ಮಂಥ ಹೊರಗಿನವರು, ಇಲ್ಲವೇ ಮಣಿಪುರದ್ದೇ ಆದ ಪಂಗಲ್ ಮುಸ್ಲಿಂ ಡ್ರೈವರ್‌ಗಳು. ಆ ಕಡೆ ಕೇಳಿದ್ದನ್ನು ಈ ಕಡೆ ಆಡಬೇಡ, ಚಹಾ ಕುಡಿಯುವಾಗಲೂ.

ಒಬ್ಬ ಕೇಸ್ ವರ್ಕರ್‌ಗೆ 25ಕ್ಕಿಂತ ಜಾಸ್ತಿ ಮಕ್ಕಳ ಕೇಸ್ ಇರಬಾರದು ಅಂತ ಮಾನದಂಡ ಇದೆ. ನನ್ನ ಕೈಯಲ್ಲಿ 41 ಇದ್ದವು. ಸಂದರ್ಶನದಲ್ಲಿ ಇದನ್ನು ನೀನೇ ಕೇಳು, ನಾಚಿಕೆ ಬೇಡ. ಯಾರು ಮೇಲ್ವಿಚಾರಣೆ ಮಾಡುತ್ತಾರೆ, ರಜೆ ಎಷ್ಟು, ಅದನ್ನೂ.

ತೋಟದ ಅಣ್ಣ, ನೀವು ಹೇಳಿದ್ದು ಸುಳ್ಳಲ್ಲ. ಬಂದ ಮೇಲೆ ನಾನು ಮಾಡುತ್ತಿರುವುದು ಅದನ್ನೇ. ಆದರೆ ಅಲ್ಲಿ ಹೋಗದಿದ್ದರೆ ಇಲ್ಲಿ ಹೇಗೆ ಮಾಡಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ.

ಗೋಣಿಕೊಪ್ಪ ನಿವೃತ್ತ

ನಾನು ಫೌಜಿನಲ್ಲಿದ್ದವನು, ಕೇಸ್ ವರ್ಕ್ ಗೊತ್ತಿಲ್ಲ. ಆದರೆ ಅಪ್ಪ ಸುಮ್ಮನಿರುವುದಕ್ಕೆ ಒಂದು ಮಾತು ಹೇಳುತ್ತೇನಮ್ಮ. ಮಡಿಕೇರಿಯ ಸನ್ನಿಸೈಡ್‌ಗೆ ಅವರನ್ನು ಒಮ್ಮೆ ಕರೆದುಕೊಂಡು ಹೋಗು. ನಮ್ಮ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ತಮ್ಮ ದೇಶಕ್ಕೆ ಹೋಗಲ್ಲ ಅಂದ ಯುದ್ಧಕೈದಿಗಳು 22 ಸಾವಿರಕ್ಕೂ ಜಾಸ್ತಿ ಇದ್ದರು. ಅವರನ್ನು ನೋಡಿಕೊಳ್ಳುವ ಆಯೋಗಕ್ಕೆ ಇವರೇ ಅಧ್ಯಕ್ಷರು. ಒಬ್ಬೊಬ್ಬನನ್ನೂ ಡೇರೆಯಲ್ಲಿ ಕೂರಿಸಿ, ನಿನಗೆ ಎಲ್ಲಿಗೆ ಹೋಗಬೇಕು ಅಂತ ಅವನ ಬಾಯಿಂದಲೇ ಕೇಳಬೇಕಿತ್ತು. ಎಷ್ಟೋ ಜನ ಆ ಡೇರೆಗೆ ಬರಲೇ ಒಪ್ಪಲಿಲ್ಲ. ಎರಡೂ ಕಡೆ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಮಂದಿ ನಮ್ಮವರ ಜೊತೆ ಇಂಡಿಯಾಕ್ಕೇ ಬಂದುಬಿಟ್ಟರು. ನಿನ್ನ ಕೆಲಸ ಅದರ ಸಣ್ಣ ತಮ್ಮ ಅಂದುಕೊಳ್ಳುತ್ತೇನೆ.

ದಿನಾ ಒಂದೇ ಹೊತ್ತಿಗೆ ಮನೆಗೆ ಫೋನ್ ಮಾಡುತ್ತೇನೆ ಅಂತ ಹೇಳಬೇಡ. ಒಂದು ದಿನ ನೆಟ್‌ವರ್ಕ್ ಹೋದರೆ ಅಮ್ಮ ಊಟ ಬಿಡುತ್ತಾರೆ. ಎರಡು ದಿನಕ್ಕೊಮ್ಮೆ ಅನ್ನು.

ಸೋಮವಾರಪೇಟೆ ಹುಡುಗಿ

ಅಕ್ಕಾ, ಎರಡು ಸಲ ಓದಿದೆ. ಹಾಡಿಯಲ್ಲಿ ಹೊಸ ಮನೆಗೆ ಹೋದ ಕೂಡಲೇ ಹದಿನಾರು ಪ್ರಶ್ನೆಯ ಫಾರಂ ತೆಗೆಯುತ್ತಿದ್ದವಳು ನಾನೇ. ಒಂದು ಮನೆಯಲ್ಲಿ ಅಜ್ಜಿ ನನ್ನನ್ನು ಕಂಡರೆ ಕಾಫಿ ಕುಯ್ಯಲು ಹೋಗಬೇಕು ಅಂತ ಎದ್ದು ಬಿಡುತ್ತಾರೆ, ಮಳೆಗಾಲದಲ್ಲೂ. ಈಗ ಯಾಕೆ ಅಂತ ಗೊತ್ತಾಯಿತು.

ಅಂಕಲ್, ಭಾನುವಾರ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಅಕ್ಕಾ, ಇನ್ನೊಂದೇ ಪ್ರಶ್ನೆ. ಹೊರಡುವಾಗ ಏನು ತೆಗೆದುಕೊಂಡು ಹೋಗಲಿ?

ಮಕ್ಕಂದೂರು ಅಕ್ಕ

ಇನ್ನರ್ ಲೈನ್ ಪರ್ಮಿಟ್ (ಹೊರರಾಜ್ಯದವರು ಮಣಿಪುರಕ್ಕೆ ಹೋಗಲು ಬೇಕಾದ ಅನುಮತಿ ಪತ್ರ) ಬೇಕು, ಅದರ ನಾಲ್ಕು ಜೆರಾಕ್ಸ್. ಮಿಜೋರಾಂ ರಾಜಧಾನಿ ಐಜೋಲ್ ಮೇಲಿಂದ ರಸ್ತೆಯಲ್ಲಿ ಹೋಗುವುದಾದರೆ ಮಿಜೋರಾಂ ಪರ್ಮಿಟ್ ಬೇರೆ. ಬೆಚ್ಚಗಿನ ಜರ್ಕಿನ್, ಟಾರ್ಚ್, ಮಳೆಗೆ ನಿನ್ನ ಸೋಮವಾರಪೇಟೆ ಕೊಡೆಯೇ ಸಾಕು. ಊಟ ಚೆನ್ನಾಗಿರುತ್ತದೆ, ಆದರೆ ಎರಡನೇ ತಿಂಗಳು ಹುಳಿ ಬೇಕು ಅನ್ನಿಸುತ್ತದೆ. ನಮ್ಮ ಕೊಡಗಿನ ಹುಳಿರಸ ಕಾಚಂಪುಳಿ ಒಂದು ಸಣ್ಣ ಬಾಟಲಿ ಇಟ್ಟುಕೋ. ಕೈಚೀಲದಲ್ಲಿ ಇಡಬೇಡ, ಏರ್‌ಪೋರ್ಟಿನಲ್ಲಿ ನನ್ನದನ್ನು ತೆಗೆದು ಬಿಸಾಡಿದರು.