ಡೌನ್ ಸಿಂಡ್ರೋಮ್ ಇರೋ ಮಗನ್ನ ಸೂಪರ್‌ಮಾರ್ಕೆಟ್ ಕೆಲಸಕ್ಕೆ ಕಳಿಸ್ಲಾ? ಕಳಿಸಿದೋರು ದಯವಿಟ್ಟು ಹೇಳಿ

ಕುವೆಂಪುನಗರದ ಅಮ್ಮ, ಮೈಸೂರು
ಎಲ್ಲರಿಗೂ ನಮಸ್ಕಾರ. ಮಗನಿಗೆ 22, ಡೌನ್ಸ್, ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡ್) ಪ್ರಕಾರ 75% ಇದೆ. ಸ್ಪೆಷಲ್ ಸ್ಕೂಲಲ್ಲಿ ವೊಕೇಷನಲ್ ಮುಗಿದು ಒಂದೂವರೆ ವರ್ಷದಿಂದ ಮನೇಲೇ ಟೀವಿ ಮುಂದೆ, 11 ಕೆಜಿ ಏರಿದಾನೆ. ನಮ್ಮನೆಯಿಂದ ಮೂರನೇ ಕ್ರಾಸಲ್ಲಿ ಹೊಸ ಸೂಪರ್‌ಮಾರ್ಕೆಟ್ ಆಗಿದೆ, ಓನರು ನಮ್ಮೆಜಮಾನ್ರಿಗೆ ಪರಿಚಯ, ಬೆಳಗ್ಗೆ 10ರಿಂದ 2ರ ತನಕ ರ್ಯಾಕ್ ತುಂಬೋಕೆ ಕಳ್ಸಿ, ತಿಂಗಳಿಗೆ 6,000 ಕೊಡ್ತೀನಿ ಅಂದಿದಾರೆ. ಡೇಟ್ ಓದ್ತಾನೆ, ಚಿಲ್ಲರೆ ಲೆಕ್ಕ ಬರಲ್ಲ. ನಂಗೆ ಒಂದೇ ಭಯ, ಬಿಲ್ಲಿಂಗ್ ಪಕ್ಕದಲ್ಲೇ ಕಾಫಿಬೀಜ ಪುಡಿ ಮಾಡೋ ಮೆಷಿನ್ ಇಟ್ಟಿದಾರೆ, ಇವನು ಮಿಕ್ಸಿ ಸದ್ದಿಗೇ ಕಿವಿ ಮುಚ್ಕೊಂಡು ಬಚ್ಚಲಿಗೆ ಓಡ್ತಾನೆ. ಸದ್ದಿಗೆ ಹೆದರೋ ಮಕ್ಕಳನ್ನ ಅಂಗಡಿಗೆ ಹೊಂದಿಸಿದೋರು ಯಾರಾದ್ರೂ ಇದ್ರೆ ಹೇಗೆ ಮಾಡಿದ್ರಿ ಹೇಳಿ. ಸೋಮವಾರದೊಳಗೆ ಉತ್ತರ ಕೊಡ್ಬೇಕು.

ಧಾರವಾಡದ ಅಪ್ಪಾಜಿ
ಕಳಸ್ರಿ ಅಕ್ಕಾರ, ಎರಡನೇ ಮಾತ ಬ್ಯಾಡ. ನಮ್ಮ ಹುಡುಗಿ 26 ವರ್ಷದಾಕಿ, ನಾಕ ವರ್ಷ ಆತು ಕಿರಾಣಿ ಅಂಗಡ್ಯಾಗ ಕೆಲಸಕ್ಕ ಹೊಂಟು. ಹುಬ್ಬಳ್ಳಿಯೊಳಗ 2017ರಾಗ ಬಿವಿಬಿ ಕಾಲೇಜಿನ್ಯಾಗ ಮಿಟ್ಟಿ ಕೆಫೆ ಸುರು ಆತಲ್ಲ, ಅಲ್ಲೆ ಈ ಹುಡುಗ್ರು ಚಹಾ ಕೊಡೂದು ಕಣ್ಣಾರೆ ನೋಡಿದ ಮ್ಯಾಲೇ ನನಗ ಧೈರ್ಯ ಬಂದದ್ದು. ಆದ್ರ ಖರ್ಚಿಂದು ಯಾರೂ ಹೇಳಂಗಿಲ್ಲ, ನಾ ಹೇಳತೀನಿ ಕೇಳ್ರಿ. ಮೊದಲ ಎಂಟು ತಿಂಗಳದ್ದು ಚೀಟಿ ಇಟ್ಟೀನಿ. ಪಗಾರ ತಿಂಗಳಿಗೆ 4,500, ಒಟ್ಟು ಬಂದದ್ದು 36,000. ಆಟೋಕ್ಕ ತಿಂಗಳಾ 1,800 ಅಂದ್ರ 14,400. ಮೊಬೈಲ್ ಎರಡು ಕಳದಾಳ, ಒಂದು 7,499, ಇನ್ನೊಂದು 8,200. ಅಕಿ ಪಾದ ಚಪ್ಪಟಿ, ದಿನಾ ನಿಂತಗೊಂಡ ಕೆಲಸ, ಸಾದಾ ಚಪ್ಪಲಿ ನಡ್ಯಂಗಿಲ್ಲ, ಬೂಟು ಮೂರು ಜೋಡಿ 7,050. ಎಣ್ಣಿ ಪೌಚಿನ ಡಬ್ಬಾ ಕೈ ಜಾರಿ ಬಿತ್ತು, ಪಗಾರದಾಗ 1,640 ಹಿಡದ್ರು. ಕೊಡಿ, ಬ್ಯಾಗು, ಊಟದ ಡಬ್ಬಿ 2,100. ಕೂಡಿಸಿದ್ರ 40,889. ಅಂದ್ರ ಮಗಳನ್ನ ದುಡ್ಯಾಕ ಕಳಿಸಿ 4,889 ರೂಪಾಯಿ ನಾನ ಕೊಟ್ಟಂಗಾತು. ನಮ್ಮನ್ಯಾಕಿ ಅಂತಾಳ, ಇಷ್ಟ ರೊಕ್ಕದಾಗ ಮನ್ಯಾಗ ಕುಂಡ್ರಿಸಿ ದಿನಾ ಪೇಡೆ ತಿನಸಬಹುದಿತ್ತಂತ.

ಆದ್ರ ಈಗ ನೋಡ್ರಿ, ಹಳೇ ಡೇಟ್ ಮುಂದ, ಹೊಸಾ ಡೇಟ್ ಹಿಂದ, ಆ ಅಂಗಡ್ಯಾಗ ಅಕಿ ಬಿಟ್ಟ ಯಾರಿಗೂ ನೀಟ ಬರಂಗಿಲ್ಲ. ಒಮ್ಮೆ ಏನ್ ಮಾಡಿದ್ಲು, ಒಬ್ಬ ಗಿರಾಕಿ ಬಿಸ್ಕೀಟ್ ತಗೊಂಡಾಗ "ಅದು ಬ್ಯಾಡ್ರಿ, ನಾಡದ್ದ ಮುಗೀತದ, ಹಿಂದಿಂದು ತಗೋರಿ" ಅಂತ ತಾನ ತಗದ ಕೊಟ್ಲು. ಮಾಲಕ ಮೂರು ದಿನ ಮಾತಾಡಲಿಲ್ಲ. ಗಿರಾಕಿ ಮಾತ್ರ ಇವತ್ತಿಗೂ ಅಕೀನ್ನ ಹುಡುಕ್ಕೊಂಡ ಬರ್ತಾರ.

ರಾಜಾಜಿನಗರ ಅಪ್ಪ
ಕಳ್ಸಬೇಡಿ ಅಂತ ಹೇಳೋನು ನಾನು. ಕಹಿ ಅನ್ಸಿದ್ರೆ ಅನ್ಸಲಿ. ನನ್ನ ಮಗನಿಗೆ ಆಟಿಸಂ, 25. ಒಂದು ದೊಡ್ಡ ಚೈನ್, ಹೆಸರು ಬೇಡ, ನವೆಂಬರಲ್ಲಿ ಸೇರಿಸ್ಕೊಂಡ್ರು. ಡಿಸೆಂಬರ್ 3 ಅಂಗವಿಕಲರ ದಿನ ಬಂತು, ಇವನ ಕೈಲಿ ಹೂಗುಚ್ಛ ಕೊಟ್ಟು ಫೋಟೋ ತೆಗೆದು ಎಲ್ಲಾ ಕಡೆ ಹಾಕೊಂಡ್ರು, ಜನವರಿ ಮೂರನೇ ವಾರ "ಸರ್ ಫುಟ್‌ಫಾಲ್ ಕಮ್ಮಿ ಆಗಿದೆ", ಅಂದ್ರೆ ಗಿರಾಕಿ ಬರ್ತಿಲ್ಲ ಅಂತ ಮನೆಗೆ ಕಳ್ಸಿದ್ರು. ಒಟ್ಟು ಹನ್ನೊಂದು ವಾರ. ಕೆಲಸ ಹೇಳ್ಕೊಡೋ ಜಾಬ್ ಕೋಚ್ ಆರು ವಾರ ಜೊತೇಲಿರ್ತಾರೆ ಅಂದಿದ್ರು, ಹನ್ನೆರಡನೇ ದಿನ ಆ ಹುಡುಗಿ ಬೇರೆ ಕೆಲಸ ಸಿಕ್ತು ಅಂತ ಹೋದ್ಲು. ಇವನು ಶಾಂಪೂನೆಲ್ಲಾ ಬಣ್ಣದ ಪ್ರಕಾರ ಜೋಡಿಸಿಟ್ಟ, ಕಂಪನಿ ಪ್ರಕಾರ ಇಡು ಅಂತ ಯಾರೂ ತೋರಿಸಿಲ್ಲ, ಬೈದಿದ್ದು ಮಾತ್ರ ಐದು ಜನ. ಆ ಹನ್ನೊಂದು ವಾರಕ್ಕೆ ನಾನು ಕಟ್ಟಿದ ಬೆಲೆ: 14 ದಿನ ಲಾಸ್ ಆಫ್ ಪೇ, ಆಮೇಲೆ ಎಂಟು ತಿಂಗಳು ಥೆರಪಿ ವಾರಕ್ಕೆರಡು ಸಲ, ಸೆಷನ್‌ಗೆ 900. ನೀವೇ ಗುಣಿಸ್ಕೊಳ್ಳಿ. ಆ ಯೂನಿಫಾರ್ಮ್ ಟೀಶರ್ಟ್ ಇವತ್ತಿಗೂ ಬೆಳಗ್ಗೆ ಒಂಬತ್ತಕ್ಕೆ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೋತಾನೆ. ಬಚ್ಚಿಟ್ರೆ ಗೋಡೆಗೆ ತಲೆ ಚಚ್ಕೋತಾನೆ.

ಇನ್ನೊಂದು. 6,000 ಅಂದ್ರೆ 26 ದಿನ ದಿನಕ್ಕೆ 4 ಗಂಟೆ, ಗಂಟೆಗೆ 57 ರೂಪಾಯಿ 70 ಪೈಸೆ. ಅಂಗಡಿಯೋರಿಗೆ ದಯೆ ಬಂದ್ಬಿಟ್ಟಿದೆ ಅನ್ಕೋಬೇಡಿ, ಅಗ್ಗಕ್ಕೆ ಆಳು ಸಿಕ್ತು.

ದಿನಸಿ ವ್ಯಾಪಾರಿ, ದಾವಣಗೆರೆ
ರಾಜಾಜಿನಗರದ ಸಾರ್, ಎಲ್ಲಾ ಅಂಗಡಿಯೋರ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ. ನಂದು ಅಪ್ಪನ ಕಾಲದ ಪ್ರಾವಿಷನ್ ಸ್ಟೋರ್, ಬುದ್ಧಿ ಬೆಳವಣಿಗೆ ಕಮ್ಮಿ ಇರೋ ಹುಡುಗ ಒಬ್ಬ ಮೂರು ವರ್ಷದಿಂದ ಇದಾನೆ. ನಷ್ಟ ಆಗಿಲ್ಲ ಅಂತ ಸುಳ್ಳು ಹೇಳಲ್ಲ. ಮೊದಲನೇ ತಿಂಗಳು ತೊಗರಿಬೇಳೆ ಡಬ್ಬಕ್ಕೆ ಕಡ್ಲೆಬೇಳೆ ಸುರಿದ, 30 ಕೆಜಿ ಮೂಟೆ ಪೂರ್ತಿ, ನನ್ನ ಹೆಂಡ್ತಿ ಅತ್ತೆ ಇಬ್ರೂ ನಾಕು ದಿನ ಕೂತು ಆರಿಸಿದ್ರು, ಆಗ್ಲಿಲ್ಲ, ಕೊನೆಗೆ ಅಡೈ ಹಿಟ್ಟಿಗೆ ಅಂತ ಅರ್ಧ ರೇಟಿಗೆ ಮಾರಿದೆ. ಆಮೇಲೆ ಒಂದೊಂದು ಡಬ್ಬಕ್ಕೂ ಅದೇ ಬೇಳೆ ನಾಕು ಕಾಳು ಟೇಪ್ ಹಾಕಿ ಅಂಟಿಸಿದ್ವಿ, ಅವತ್ತಿಂದ ಒಂದು ಸಲನೂ ತಪ್ಪಾಗಿಲ್ಲ. ಐದು ರೂಪಾಯಿ ಟೇಪು. ಇದನ್ನ ಯಾವ ಕೋಚೂ ಹೇಳ್ಕೊಟ್ಟಿಲ್ಲ.

ಹುಡುಗನಿಂದ ನಂಗೆ ತೊಂದ್ರೆ ಇಲ್ಲ, ಅಪ್ಪ ಅಮ್ಮಂದಿರಿಂದ. ದಿನಕ್ಕೆ ಏಳು ಫೋನು. ಊಟ ಮಾಡಿದ್ನಾ, ಬಿಸಿಲಲ್ಲಿ ನಿಲ್ಸಿದೀರಾ, ಯಾಕೆ ಮುಖ ಸಪ್ಪಗಿದೆ. ಸಂತೆ ದಿನ ನಾನು ತೂಕ ಹಾಕ್ಲಾ ಫೋನ್ ಎತ್ಲಾ?

ರಾಜಾಜಿನಗರ ಅಪ್ಪ
ಏಳು ಫೋನು ಯಾಕೆ ಮಾಡ್ತಾರೆ ಅಂತ ನಿಮ್ಮನೇಲಿ ಇಂಥ ಮಗು ಇದ್ದಿದ್ರೆ ಗೊತ್ತಾಗ್ತಿತ್ತು. ಸಂಬಳ ಎಷ್ಟು ಕೊಡ್ತೀರಿ ಅದನ್ನ ಮಾತ್ರ ಬರೀಲಿಲ್ಲ ನೋಡಿ. ಇಎಸ್‌ಐ, ಅದೇ ನೌಕರರ ವಿಮೆ, ಕಟ್ತೀರಾ?

ದಿನಸಿ ವ್ಯಾಪಾರಿ, ದಾವಣಗೆರೆ
9,500 ಕೊಡ್ತೀನಿ, ಹಬ್ಬಕ್ಕೆ ಬಟ್ಟೆ. ನಮ್ಮಲ್ಲಿ 9 ಜನ ಇರೋದು, ಹತ್ತಾದ್ರೆ ಇಎಸ್‌ಐ.

ರಾಜಾಜಿನಗರ ಅಪ್ಪ
ಒಂಬತ್ತಕ್ಕೇ ಯಾಕೆ ನಿಲ್ಸಿದೀರಿ ಅಂತ ಎಲ್ರಿಗೂ ಅರ್ಥ ಆಯ್ತು ಬಿಡಿ. ಹಿಂದಿದ್ದ 1948ರ ಕನಿಷ್ಠ ವೇತನ ಕಾಯ್ದೆ 26ನೇ ಸೆಕ್ಷನ್ ಓದಿ, ಅಂಗವಿಕಲ ನೌಕರರಿಗೆ ಈ ಕಾಯ್ದೆ ಲಾಗೂ ಇಲ್ಲ ಅಂತ ಸರ್ಕಾರ ಆದೇಶ ಮಾಡಬಹುದು ಅಂತಲೇ ಬರೆದಿಟ್ಟಿದ್ರು. ಕಾನೂನು ಬರೆದೋರಿಗೇ ನಮ್ಮ ಮಕ್ಕಳ ದುಡಿಮೆ ಅರ್ಧ ಬೆಲೆದು, ಇನ್ನು ನಿಮಗೆ ಏನ್ ಹೇಳೋದು.

ಶುಭೋದಯ
ಯಾಕೆ ಜಗಳ ಆಡ್ತೀರಾ. ಇವರೆಲ್ಲಾ ದೇವರ ಮಕ್ಕಳು. ದೇವರು ವಿಶೇಷ ತಂದೆತಾಯಿಗೆ ಮಾತ್ರ ಇಂಥ ಮಕ್ಕಳನ್ನ ಕೊಡ್ತಾನೆ 🙏🙏

ಕುಡ್ಲದ ತಂಗಿ
ಶುಭೋದಯ ಅವರೇ, ದೇವರ ಮಕ್ಕಳಾದ್ರೆ ದೇವರೇ ಬಂದು ನೋಡ್ಕೊಳ್ಳಲಿ ಮಾರಾಯ್ರೆ, ನನ್ನ ಅಣ್ಣನಿಗೆ 41, ಅವನ ಗಡ್ಡ ತೆಗೆಯುವುದು ನಾನು. ಅಪ್ಪ ಹೋಗಿ ಆರು ವರ್ಷ, ಅಮ್ಮ ಹೋಗಿ ಎರಡು. ಇಲ್ಲಿ ಎಲ್ಲರೂ ಅಪ್ಪ ಅಮ್ಮ ಬರೆಯುವುದು, ನಿಮ್ಮ ನಂತರದ್ದು ನಾನು ಹೇಳ್ತೇನೆ. ಅಣ್ಣ ಹದಿನೇಳು ವರ್ಷ ಒಂದೇ ಅಂಗಡಿಯಲ್ಲಿ ಇದ್ದ, ಸಾಮಾನು ಕಟ್ಟಿ ಕೊಡುವುದು, ಹಿಂದೆ ಪೇಪರ್ ಪೊಟ್ಟಣ, ಆಮೇಲೆ ಪ್ಲಾಸ್ಟಿಕ್, ಕೊನೆಗೆ ಬಟ್ಟೆ ಚೀಲ. ಪೊಟ್ಟಣಕ್ಕೆ ನೂಲು ಸುತ್ತುವುದರಲ್ಲಿ ಅವನಷ್ಟು ಬೇಗ ಯಾರೂ ಇರಲಿಲ್ಲ. ಅಂಗಡಿಯ ಹಳೇ ಧಣಿ ತೀರಿಕೊಂಡ ಮೇಲೆ ಮಗ ಬಂದು ಕಂಪ್ಯೂಟರ್ ಬಿಲ್ಲಿಂಗ್ ಹಾಕಿ ಅಣ್ಣನನ್ನು ನಾಳೆಯಿಂದ ಬರುವುದು ಬೇಡ ಅಂದ. ಪಿಎಫ್ ಇಲ್ಲ, ಒಂದು ಕಾಗದ ಇಲ್ಲ, ಹದಿನೇಳು ವರ್ಷಕ್ಕೆ ಸಾಕ್ಷಿ ಅಂದ್ರೆ ಅಂಗಡಿಯ ಕ್ಯಾಲೆಂಡರ್ ಹದಿನೇಳು. ಅವನು ಒಂದನ್ನೂ ಬಿಸಾಡಲು ಬಿಡುವುದಿಲ್ಲ.

ಸಂಬಳ ಬ್ಯಾಂಕಿಗೆ ಹಾಕಿಸುವ ಅಂತ ಅಕೌಂಟ್ ಮಾಡ್ಲಿಕ್ಕೆ ಹೋದ್ರೆ ಗಾರ್ಡಿಯನ್ ಸರ್ಟಿಫಿಕೇಟ್ ಕೇಳಿದ್ರು. ಹದಿನೆಂಟು ದಾಟಿದ ಮೇಲೆ ತಾಯಿ ಕೂಡ ಕಾನೂನು ಪ್ರಕಾರ ತನ್ನಿಂದ ತಾನೇ ಗಾರ್ಡಿಯನ್ ಅಲ್ಲ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಡಿಸಿ ಕಮಿಟಿಗೆ ಅರ್ಜಿ ಹಾಕಬೇಕು. ನನಗೆ ಆಗ್ಲಿಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು, ಒಂಬತ್ತು ಸಲ ಹೋದದ್ದು, ಎರಡು ಸಲ ಅಣ್ಣನನ್ನು ಕರ್ಕೊಂಡು. ಸರ್ಟಿಫಿಕೇಟ್ ಕೈಗೆ ಬರುವಾಗ ಕೆಲಸ ಇರಲಿಲ್ಲ.

ಫ್ರೀಮಾಂಟ್ ಕನ್ನಡಿಗ
ನಮ್ಮ ಮಗಳು 24, ಆಟಿಸಂ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರೋಸರಿ ಸ್ಟೋರಲ್ಲಿ ಬ್ಯಾಗಿಂಗ್ ಮಾಡ್ತಾಳೆ, ವಾರಕ್ಕೆ 15 ಗಂಟೆ, ಪಾರ್ಕಿಂಗ್ ಲಾಟಿಂದ ಕಾರ್ಟ್ ವಾಪಸ್ ತರೋದೂ ಅವಳೇ. ಸಂಬಳ ಎಲ್ಲರಷ್ಟೇ. ಇಲ್ಲೂ 1938ರ ಕಾನೂನಲ್ಲಿ 14ಸಿ ಅಂತ ಒಂದು ಸೆಕ್ಷನ್ ಇದೆ, ಸರ್ಟಿಫಿಕೇಟ್ ತಗೊಂಡ್ರೆ ಅಂಗವಿಕಲರಿಗೆ ಕನಿಷ್ಠ ಕೂಲಿಗಿಂತ ಕಮ್ಮಿ ಕೊಡಬಹುದು, ನಮ್ಮ ರಾಜ್ಯದಲ್ಲಿ 2025ರ ಜನವರಿಯಿಂದ ಅದು ಬಂದ್. ಆದ್ರೆ ದುಡಿದ ದುಡ್ಡು ಕೈಗೆ ಹತ್ತುತ್ತೆ ಅನ್ಕೋಬೇಡಿ. ಎಸ್‌ಎಸ್‌ಐ ಅಂತ ಸರ್ಕಾರದ ದುಡ್ಡು ಬರುತ್ತಲ್ಲ, ಸಂಬಳದಲ್ಲಿ ಮೊದಲ 85 ಡಾಲರ್ ಬಿಟ್ಟು ಆಮೇಲೆ ಪ್ರತಿ ಎರಡು ಡಾಲರ್ ದುಡಿದ್ರೆ ಅದರಲ್ಲಿ ಒಂದು ಡಾಲರ್ ಕಟ್. ಅಕೌಂಟಲ್ಲಿ 2,000 ಡಾಲರ್ ದಾಟೋ ಹಾಗಿಲ್ಲ, 1989ರಿಂದ ಅದೇ ಮಿತಿ, ಒಂದು ಡಾಲರ್ ಏರ್ಸಿಲ್ಲ. ಹಾಸನದಿಂದ ಅಜ್ಜಿ ಬಂದಾಗ ಹುಟ್ಟುಹಬ್ಬಕ್ಕೆ ಕೊಟ್ಟ ದುಡ್ಡು ಅವಳ ಅಕೌಂಟಿಗೇ ಹಾಕ್ಬಿಟ್ಟೆ, 2,140 ಆಯ್ತು, ಆ ತಿಂಗಳ ದುಡ್ಡು ವಾಪಸ್ ಕಟ್ಟಿ ಅಂತ ಕಾಗದ ಬಂತು. ತಪ್ಪು ನಂದೇ. ಅಜ್ಜಿಗೆ ಹೇಗೆ ಹೇಳೋದು ಇದನ್ನ.

ಕೆಲಸದಲ್ಲಿ ಮೊಟ್ಟೆ ಕೆಳಗೆ ಹಾಕಿ ಮೇಲೆ ಕಲ್ಲಂಗಡಿ ಇಟ್ಟಿದ್ದು ನಾಕು ಸಲ. ಮ್ಯಾನೇಜರ್ ಮೊಟ್ಟೆ ಚಿತ್ರ ಕೌಂಟರಿಗೆ ಅಂಟಿಸಿದ್ರು, ಸರಿಹೋಯ್ತು.

ಧಾರವಾಡದ ಅಪ್ಪಾಜಿ
ಅಮೆರಿಕಾದ ಮಾತ ಇಲ್ಲೆ ಏನ್ ಉಪಯೋಗ್ರಿ? ಡಾಲರಿನ ಕಷ್ಟ ಕೇಳಿ ನಮ್ಮ ಆಟೋದವ ರೊಕ್ಕ ಕಮ್ಮಿ ಮಾಡ್ತಾನೇನು.

ಫ್ರೀಮಾಂಟ್ ಕನ್ನಡಿಗ
ನೀವು ಪೈಸೆ ಪೈಸೆ ಲೆಕ್ಕ ಬರ್ದಾಗ ನಾನೇನಾದ್ರೂ ಅಂದ್ನಾ ಸರ್?

ಹೆಸರು ಬೇಡ
ಮುಖ್ಯವಾದ್ದು ಯಾರೂ ಹೇಳ್ತಾ ಇಲ್ಲ. ಮಕ್ಕಳು ಒಂದು ಸಲ ದುಡಿದ್ರು ಅಂತ ದಾಖಲೆ ಆದ್ರೆ ನಾಳೆ ನಿಮ್ಮ ನಂತರ ಬರೋ ಫ್ಯಾಮಿಲಿ ಪೆನ್ಷನ್ ಹೋಯ್ತು. ನಮ್ಮ ಭಾವ ಅದಕ್ಕೇ ಮಗನ್ನ ಎಲ್ಲೂ ಕಳ್ಸಿಲ್ಲ, ಅವನಿಗೆ 30 ವರ್ಷ ಆಯ್ತು.

ರೈಲ್ವೆ ನಿವೃತ್ತ, ಅರಸೀಕೆರೆ
ಅರ್ಧಂಬರ್ಧ ಹೇಳಿ ಜನಾನ ಹೆದರಿಸಬೇಡ್ರಿ. ಕೇಂದ್ರ ಸರ್ಕಾರದ ಪೆನ್ಷನರಾದ್ರೆ 2021ರ ಆದೇಶ ಇದೆ, ಅಂಗವಿಕಲ ಮಗ ಅಥವಾ ಮಗಳ ಆದಾಯ ಅವರಿಗೆ ಬರಬೇಕಾದ ಸಾಮಾನ್ಯ ಫ್ಯಾಮಿಲಿ ಪೆನ್ಷನ್‌ಗಿಂತ, ಅಂದ್ರೆ ಕೊನೇ ಸಂಬಳದ ಶೇ. 30, ಅದರ ಮೇಲಿನ ಡಿಆರ್ (ತುಟ್ಟಿ ಪರಿಹಾರ) ಸೇರಿಸಿ, ಅದಕ್ಕಿಂತ ಕಮ್ಮಿ ಇದ್ರೆ ಜೀವನಪೂರ್ತಿ ಬರುತ್ತೆ. ಅದಕ್ಕೂ ಮುಂಚೆ 9,000 ಮತ್ತು ಡಿಆರ್ ಮಿತಿ ಇತ್ತು, ಆಗ ನಾನೂ ಮಗಳನ್ನ ಒಂದು ಸಹಕಾರಿ ಅಂಗಡಿ ಕೆಲಸ ಬಿಡಿಸಿದ್ದೆ. ಬಿಡಿಸಿದ್ದು 2019ರಲ್ಲಿ. ಎರಡು ವರ್ಷ ತಡೆದಿದ್ರೆ ಅವಳು ಅಲ್ಲೇ ಇರ್ತಿದ್ಲು. ರಾಜ್ಯ ಸರ್ಕಾರದೋರು ನಿಮ್ಮ ಖಜಾನೆಲಿ ವಿಚಾರಿಸಿ, ನಿಯಮ ಬೇರೆ. ಆ 30 ವರ್ಷದ ಹುಡುಗನಿಗೆ ಮನೇಲಿ ಏನು ಮಾಡಿಸ್ತಾರೆ ನಿಮ್ಮ ಭಾವ?

ಹೆಸರು ಬೇಡ
ಅದು ನಿಮಗೆ ಬೇಡದ ವಿಷಯ.

ಕುವೆಂಪುನಗರದ ಅಮ್ಮ, ಮೈಸೂರು
ಎಲ್ಲರಿಗೂ ಧನ್ಯವಾದ, ಎಲ್ಲಾ ಓದ್ದೆ, ರಾತ್ರಿ ನಿದ್ದೆ ಬರ್ಲಿಲ್ಲ. ಕಾಫಿ ಮೆಷಿನ್ ಸದ್ದಿನ ಬಗ್ಗೆ ಕೇಳಿದ್ದೆ, ಅದಕ್ಕೆ ಯಾರಾದ್ರೂ...

ಶುಭೋದಯ
ಮೇಡಂ ಮೈಸೂರಲ್ಲಿ ಆ ಅಂಗಡಿ ಎಲ್ಲಿ ಬರುತ್ತೆ? ಚಿಕೋರಿ ಬೆರೆಸದೆ ಕೊಡ್ತಾರಾ? ನಮ್ಮ ಏರಿಯಾದಲ್ಲಿ ಎಲ್ಲಾ ಬೆರೆಕೆ.

ದಿನಸಿ ವ್ಯಾಪಾರಿ, ದಾವಣಗೆರೆ
ಅಮ್ಮಾ, ನಮ್ಮ ಹುಡುಗನೂ ಪಕ್ಕದ ಹಿಟ್ಟಿನ ಗಿರಣಿ ಸದ್ದಿಗೆ ಹೆದರಿ ಗೋಡೌನಲ್ಲಿ ಅವಿತ್ಕೋತಿದ್ದ. ಗಿರಣಿಯೋರಿಗೆ ಹೇಳಿ ಸ್ವಿಚ್ ಹಾಕೋ ಕೆಲಸ ಇವನಿಗೇ ಕೊಡಿಸಿದೆ. ಯಾವಾಗ ಸದ್ದು ಬರುತ್ತೆ ಅಂತ ಅವನಿಗೇ ಗೊತ್ತಿರುತ್ತಲ್ಲ. ಹದಿನೈದು ದಿನ ಹಿಡೀತು ಅಷ್ಟೇ, ಈಗ ಕಲ್ಲು ಸವೆದಿದೆ ಅಂತ ಸದ್ದು ಕೇಳೇ ಹೇಳ್ತಾನೆ. ಓನರನ್ನ ಕೇಳಿ ನೋಡಿ, ಸ್ವಿಚ್ ಅವನ ಕೈಲಿರಲಿ.

ರಾಜಾಜಿನಗರ ಅಪ್ಪ
ಮೆಷಿನ್ ಸ್ವಿಚ್ ಕೈಗೆ ಕೊಡೋದಂತೆ. ಬೆರಳು ಹೋದ್ರೆ ಇಎಸ್‌ಐ ಇಲ್ದೇ ಇರೋ ನೀವು ಕೊಡ್ತೀರಾ ಬೆರಳು?

ದಿನಸಿ ವ್ಯಾಪಾರಿ, ದಾವಣಗೆರೆ
ಸ್ವಿಚ್ ಗೋಡೆ ಮೇಲಿದೆ ಸಾರ್, ಮೆಷಿನ್ ಮೇಲಲ್ಲ. ನಿಮ್ಮ ಮಗನ ವಿಷಯ ಓದಿ ನಂಗೂ ಬೇಜಾರಾಗಿದೆ, ಅದನ್ನ ತಂದು ನನ್ನ ತಲೆ ಮೇಲೆ ಹಾಕ್ಬೇಡಿ.

ಧಾರವಾಡದ ಅಪ್ಪಾಜಿ
ಜಗಳಾ ಬಿಡ್ರಿ. ಅಕ್ಕಾರ, ನಿಮ್ಮದು ಮೂರನೇ ಕ್ರಾಸು, ನಡಕೊಂಡ ಹೋಗೂ ಹಾದಿ, ಆಟೋ ಖರ್ಚ ಉಳೀತು, ಅದ ದೊಡ್ಡದು. ನಮ್ಮಾಕೀನ್ನೂ ಹೆಣಮಕ್ಕಳ ಶಕ್ತಿ ಯೋಜನಾ ಬಂದ ಮ್ಯಾಲೆ ಬಸ್ಸಿಗೆ ಹಾಕೀನಿ, ಆಧಾರ್ ತೋರ್ಸಿ ಪುಕ್ಕಟ ಹೋಗತಾಳ.

ಕುಡ್ಲದ ತಂಗಿ
ಹೆಂಗಸರಿಗೆ ಆಯಿತು. ಅಣ್ಣನಿಗೆ ವಿಕಲಚೇತನರ ಪಾಸ್, ವರ್ಷಕ್ಕೆ 660, ನೂರು ಕಿಲೋಮೀಟರ್ ಒಳಗೆ. ನಮ್ಮಲ್ಲಿ ಹೆಚ್ಚು ಪ್ರೈವೇಟ್ ಬಸ್ಸುಗಳೇ, ಅದರಲ್ಲಿ ಈ ಪಾಸ್ ತೋರಿಸಿದ್ರೆ ಕಂಡಕ್ಟರ್ ನಗ್ತಾನೆ.

ಧಾರವಾಡದ ಅಪ್ಪಾಜಿ
ಸರ್ಕಾರಿ ಬಸ್ಸಿಗೆ ಕಾಯ್ರಿ ಮತ್ತ.

ಕುಡ್ಲದ ತಂಗಿ
ಕಾಯ್ಲಿಕ್ಕೆ ನೀವು ಬನ್ನಿ, ನಮ್ಮ ಸ್ಟಾಪಿನಲ್ಲಿ ಬೆಂಚು ಕೂಡ ಇಲ್ಲ.