ಕೋಲ್ನ್ ಕಾನ್ಸರ್ಟ್‌ನಲ್ಲಿ ಹಿಂದೆ ಕೇಳಿಸುವ ದನಿ ಯಾರದು?

ಮಳೆಹನಿ:
ಮೂರು ದಿನದಿಂದ ಪಿಯಾನೊ ವಾದಕ ಕೀತ್ ಜ್ಯಾರೆಟ್ ಅವರ ಕಛೇರಿಯ ರೆಕಾರ್ಡ್ ‘ದ ಕೋಲ್ನ್ ಕಾನ್ಸರ್ಟ್’ ಬಿಟ್ಟು ಬೇರೇನೂ ಕೇಳಿಲ್ಲ. ಹಿಂದೂಸ್ತಾನಿ ಕೇಳಿ ಬೆಳೆದವನು, ಜಾಝ್ ನನಗೆ ಹೊಸದು. ಪಿಯಾನೊ ಜೊತೆಗೆ ಯಾರೋ ಗುನುಗುತ್ತಾರೆ, ಕೆಲವು ಕಡೆ ನರಳುತ್ತಾರೆ. ಅದು ಯಾರು? ಮೊದಲ ಭಾಗ 26 ನಿಮಿಷ ಇದೆ, ಎಡಗೈ ಎಷ್ಟೋ ಹೊತ್ತು ಒಂದೇ ಕಡೆ ಸುತ್ತುತ್ತದೆ, ಆದರೂ ಬೇಜಾರಾಗುವುದಿಲ್ಲ. ಇಷ್ಟೆಲ್ಲ ಮೊದಲೇ ಕಟ್ಟಿಕೊಳ್ಳದೆ ನಿಜವಾಗಿ ವೇದಿಕೆಯಲ್ಲೇ ಹುಟ್ಟಿದ್ದಾ?

ಕಪ್ಪುಬಿಳಿ ಮನೆ:
ದನಿ ಜ್ಯಾರೆಟ್ ಅವರದೇ, ನುಡಿಸುವಾಗ ಅವರು ಹಾಗೇ. ಎಡಗೈ ವಿಷಯಕ್ಕೆ ಒಂದು ಕಥೆ ಇದೆ. 1975ರ ಜನವರಿ 24, ಜರ್ಮನಿಯ ಕೋಲ್ನ್ ಊರಿನ ಒಪೆರಾ ಹೌಸ್. ಕಛೇರಿ ಏರ್ಪಡಿಸಿದ ವೇರಾ ಬ್ರಾಂಡೆಸ್ ಆಗಿನ್ನೂ ಹದಿಹರೆಯದ ಹುಡುಗಿ. ಜ್ಯಾರೆಟ್ ಕೇಳಿದ್ದು ದೊಡ್ಡ ಬೋಸೆಂಡಾರ್ಫರ್ ಪಿಯಾನೊ, ವೇದಿಕೆಗೆ ಬಂದಿದ್ದು ಅಭ್ಯಾಸಕ್ಕೆ ಇಟ್ಟಿದ್ದ ಚಿಕ್ಕದು. ತಾರ ಸ್ಥಾಯಿಯಲ್ಲಿ ತಗಡಿನಂಥ ದನಿ, ಮಂದ್ರದಲ್ಲಿ ಬಲವಿಲ್ಲ, ಪೆಡಲ್ ಕೂಡ ಸರಿಯಿಲ್ಲ. ಜ್ಯಾರೆಟ್‌ಗೆ ಬೆನ್ನುನೋವು ಬೇರೆ. ನುಡಿಸುವುದಿಲ್ಲ ಎಂದವರನ್ನು ಆಕೆ ಒಪ್ಪಿಸಿದರು, ರಾತ್ರಿ 11.30ರ ಹೊತ್ತಿಗೆ ಕಛೇರಿ ಶುರು. ಪಿಯಾನೊ ಹಾಗಿದ್ದುದಕ್ಕೇ ಜ್ಯಾರೆಟ್ ಜಾಸ್ತಿ ನಡುವಿನ ಮನೆಗಳಲ್ಲೇ ಓಡಾಡಿದರು. ಎಡಗೈಯಲ್ಲಿ ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದು ಸುಮಾರು ಹನ್ನೆರಡು ನಿಮಿಷ ತಿರುಗಿಸುತ್ತಾರೆ. ತಂಬೂರಿ ಶ್ರುತಿ ಇದ್ದ ಹಾಗೆ ಅಲ್ವಾ, ಕೆಳಗೆ ಅದು ನಿಂತಿದ್ದರಿಂದಲೇ ಬಲಗೈಗೆ ಎಲ್ಲಿ ಬೇಕಾದರೂ ಹೋಗುವ ಧೈರ್ಯ.

ರಾತ್ರಿಪಾಳಿ:
ಎಲ್ಲಾ ಕೆಟ್ಟ ಪಿಯಾನೊದಿಂದ ಆಯ್ತು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1973ರ ಬ್ರೆಮನ್, ಲೊಸಾನ್ ಕಛೇರಿಗಳ ರೆಕಾರ್ಡ್ ಕೇಳಿ. ಎಡಗೈಯನ್ನು ಹೀಗೆ ಸುತ್ತಿಸುವುದು ಅವರಿಗೆ ಆಗಲೇ ಕೈವಶವಾಗಿತ್ತು. ಪಿಯಾನೊ ಕೈಕೊಟ್ಟಾಗ ಅದು ನೆರವಿಗೆ ಬಂತು, ಅಷ್ಟೇ. ಇನ್ನು ಕೊನೆಯ ಏಳು ನಿಮಿಷದ ತುಣುಕು ಅವರು ಮೊದಲೇ ಕಟ್ಟಿದ್ದ ಟ್ಯೂನ್. ಉಳಿದದ್ದೆಲ್ಲ ಅಲ್ಲೇ ಹುಟ್ಟಿದ್ದು. 1991ರಲ್ಲಿ ಸ್ವರಲಿಪಿ ಅಚ್ಚಾದಾಗಲೂ, ಅನುಮಾನ ಬಂದರೆ ಧ್ವನಿಮುದ್ರಣವನ್ನೇ ನಂಬಿ ಎಂದರು.

ಕಿವಿಮಾತು:
ಮೊದಲ ನಾಲ್ಕೈದು ಸ್ವರ ಹೆಡ್‌ಫೋನ್ ಹಾಕಿ ಕೇಳಿ. ಒಪೆರಾ ಹೌಸ್‌ನಲ್ಲಿ ಜನರನ್ನು ಒಳಗೆ ಕರೆಯುವ ಗಂಟೆಯ ಸ್ವರಗಳವು. ಗುರುತು ಹಿಡಿದ ಯಾರೋ ಮೆಲ್ಲಗೆ ನಗುವುದು ಕೇಳಿಸುತ್ತದೆ.

ಮಳೆಹನಿ:
ಈಗಷ್ಟೇ ಕೇಳಿದೆ. ನಗು ಸಿಕ್ಕಿತು! ಕೈಗೆ ಸಿಕ್ಕ ಗಂಟೆಯ ಸದ್ದನ್ನೇ ಹಿಡಿದುಕೊಂಡು ಹೊರಟಿದ್ದಾರೆ. ಬ್ರೆಮನ್ ಕಛೇರಿ ಇವತ್ತು ರಾತ್ರಿಗೆ.